ಬಸುರಿಯ ಫೋಟೊ: ‘ಇದನ್ನೆಲ್ಲ ಎಲ್ಲಿ ಕಲಿತಿರಿ?’ ಎನ್ನುವವರಿಗೆ

ಕಲಬುರಗಿಯಲ್ಲಿ ಕುಬಸದ, ಎಂದರೆ ಸೀಮಂತದ, ಮನೆಗೆ ಹೋಗಿ ಕ್ಯಾಮೆರಾ ಬ್ಯಾಗು ಕೆಳಗಿಡುವಷ್ಟರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಹಾರುವ ಸೆರಗು, ಕಮಾನಿನ ನಡುವೆ ಕಪ್ಪು ನೆರಳಾಗಿ ನಿಂತ ಬಸುರಿ, ಹೂವಿನ ನಡುವೆ ಮಲಗಿದ ಹೆಣ್ಣುಮಗಳು, ಇಂಥ ಫೋಟೊ ತೆಗೆಯುವುದನ್ನು ಎಲ್ಲಿ ಕಲಿತಿರಿ? ಹೊಸದಾಗಿ ಸ್ಟುಡಿಯೊ ತೆರೆದ ಹುಡುಗರೂ ಇದನ್ನೇ ಕೇಳುತ್ತಾರೆ. ಅವರಿಗೆ ಯಾವುದಾದರೂ ಕೋರ್ಸಿನ ಹೆಸರು ಬೇಕಾಗಿರುತ್ತದೆ. ನಾನು ಕಲಿತದ್ದು ಮಾಡಿ ನೋಡಿ, ಕೆಟ್ಟದ್ದನ್ನು ಬಿಟ್ಟು, ಮತ್ತೆ ಮಾಡಿ. ಆದರೆ ಆ ಪ್ರಯೋಗಗಳಲ್ಲಿ ಹೆಚ್ಚಿನವು ಬಸುರಿಯ ಮೇಲೆ ನಡೆದವಲ್ಲ, ಹೊಟ್ಟೆಗೆ ದಿಂಬು ಕಟ್ಟಿಕೊಂಡು ನಿಂತ ನನ್ನ ಸಹಾಯಕಿಯ ಮೇಲೆ ನಡೆದವು. ನನ್ನ ಉತ್ತರದಲ್ಲಿ ಮುಖ್ಯವಾದ ಭಾಗವೂ ಅದೇ.

ಮದುವೆಯ ಫೋಟೊ ತೆಗೆಯುವಾಗ ಒಂದು ಭಂಗಿ ಸರಿಬರದಿದ್ದರೆ ಜೋಡಿಯನ್ನು ಇನ್ನಷ್ಟು ಹೊತ್ತು ನಿಲ್ಲಿಸಬಹುದು. ಬಸುರಿಯ ವಿಷಯದಲ್ಲಿ ಅದು ಆಗದು. ಹೊಟ್ಟೆ ದುಂಡಗೆ ಕಾಣುವ, ಓಡಾಟವೂ ತೀರ ಕಷ್ಟವಾಗಿರದ ಕಾಲವೆಂದರೆ ಸಾಮಾನ್ಯವಾಗಿ 28ರಿಂದ 34ನೆಯ ವಾರದವರೆಗೆ; ನಮ್ಮ ಕಡೆ ಚೊಚ್ಚಲ ಹೆರಿಗೆಗೆ ತವರಿಗೆ ಕರೆದೊಯ್ಯುವುದೂ ಇದೇ ಹೊತ್ತಿನಲ್ಲಾದ್ದರಿಂದ ಆ ಅವಧಿ ಇನ್ನೂ ಚಿಕ್ಕದಾಗುತ್ತದೆ. ಹೆಚ್ಚು ಹೊತ್ತು ನಿಂತರೆ ಕಾಲು ಊದುತ್ತದೆ, ತಲೆ ಸುತ್ತುತ್ತದೆ. ದೇಹದ ತೂಕ ಮುಂದಕ್ಕೆ ಬಂದಿರುವುದರಿಂದ ಆಯ ತಪ್ಪುವುದೂ ಸುಲಭ. ಎಲ್ಲರೂ ಮೊಬೈಲಿನಲ್ಲಿ ತೋರಿಸಿ ಕೇಳುವ, ಹೂವಿನ ಮೇಲೆ ಅಂಗಾತ ಮಲಗಿದ ಚಿತ್ರವನ್ನೇ ನೋಡಿ: ಐದು ತಿಂಗಳು ದಾಟಿದ ಮೇಲೆ ಅಂಗಾತ ಮಲಗಿದರೆ ಗರ್ಭಕೋಶದ ಭಾರ ಬೆನ್ನೆಲುಬಿನ ಪಕ್ಕದ ದೊಡ್ಡ ರಕ್ತನಾಳವನ್ನು ಒತ್ತಿ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ, ಕಣ್ಣು ಕತ್ತಲೆ ಕಟ್ಟಬಹುದು. ಆದ್ದರಿಂದ ಅವರನ್ನು ಎಡಕ್ಕೆ ವಾಲಿಸಿ, ಬಲಗಡೆಯ ಸೊಂಟದ ಕೆಳಗೆ ಸುತ್ತಿದ ಚಾದರ ಇಡಬೇಕು. ಎಷ್ಟು ದಪ್ಪ ಇಟ್ಟರೆ ಸೀರೆಯ ಕೆಳಗೆ ಅದು ಕಾಣುವುದಿಲ್ಲ, ಎಷ್ಟು ವಾಲಿದರೆ ಮೇಲಿನಿಂದ ತೆಗೆದ ಚಿತ್ರದಲ್ಲಿ ನೇರವಾಗಿ ಮಲಗಿದಂತೆಯೇ ತೋರುತ್ತದೆ ಎಂಬುದನ್ನು ಸಹಾಯಕಿಯನ್ನು ಮಲಗಿಸಿ ಮೊದಲೇ ನೋಡಿಕೊಂಡಿರುತ್ತೇವೆ. ಗ್ರಾಹಕರು ಬಂದಾಗ ಆ ಚಿತ್ರಕ್ಕೆ ತಗಲುವುದು ಕೆಲವೇ ನಿಮಿಷ.

ಹಾರುವ ಸೆರಗಿನದು ಬೇರೆಯದೇ ಪಾಠ. ಇಳಕಲ್ ಸೀರೆಯ ಸೆರಗನ್ನು ಎಷ್ಟು ಜೋರಾಗಿ ಎಸೆದರೂ ಅದು ಒಂದು ಕ್ಷಣ ಎದ್ದು ಮುದ್ದೆಯಾಗಿ ಕೆಳಗೆ ಬೀಳುತ್ತದೆ, ತೆಳುವಾದ ಜಾರ್ಜೆಟ್ ಬಟ್ಟೆಯಾದರೆ ಹರಡಿಕೊಂಡು ತೇಲುತ್ತದೆ. ಬಟ್ಟೆಯ ಅಂಚು ಮಸುಕಾಗದಿರಲು ಶಟರ್ ವೇಗ, ಅಂದರೆ ಕ್ಯಾಮೆರಾದ ಕಣ್ಣು ತೆರೆದು ಮುಚ್ಚುವ ವೇಗ, ಸೆಕೆಂಡಿನ 500ನೆಯ ಒಂದು ಭಾಗಕ್ಕಿಂತ ನಿಧಾನವಿರಬಾರದು. ಇಷ್ಟಾದರೂ ಮುಖಭಾವ, ಕೈ ಮತ್ತು ಬಟ್ಟೆ ಮೂರೂ ಒಂದೇ ಕ್ಲಿಕ್ಕಿನಲ್ಲಿ ಚೆನ್ನಾಗಿ ಬರುವುದು ಅಪರೂಪ. ಹಾಗಾಗಿ ಈಗ ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಕದಲದಂತೆ ಇಟ್ಟು, ಮೊದಲು ಬಸುರಿಯ ಚಿತ್ರ ತೆಗೆದು, ಅವರನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟು, ಆಮೇಲೆ ಅದೇ ಜಾಗದಲ್ಲಿ ಸಹಾಯಕಿಯನ್ನು ನಿಲ್ಲಿಸಿ ಬಟ್ಟೆಯನ್ನಷ್ಟೇ ಎಸೆಯುತ್ತೇವೆ, ಎರಡನ್ನೂ ಫೋಟೊಶಾಪಿನಲ್ಲಿ ಸೇರಿಸುತ್ತೇವೆ. ನಡುವೆ ತಡವಾದರೆ ಬಿಸಿಲು ಸರಿದು ಎರಡು ಚಿತ್ರಗಳ ನೆರಳು ಎರಡು ದಿಕ್ಕಿಗೆ ಬೀಳುತ್ತದೆ. ಇದನ್ನು ಮೋಸ ಎನ್ನುವವರಿದ್ದಾರೆ. ಬಸುರಿಯನ್ನು ಸಂಜೆಯವರೆಗೂ ನಿಲ್ಲಿಸುವುದಕ್ಕಿಂತ ಈ ಮೋಸ ನನಗೆ ಒಪ್ಪಿಗೆ.

ಕುಬಸದ ಹಸಿರು ಸೀರೆ ನೋಡಲು ಎಷ್ಟು ಚೆಂದವೋ ಕ್ಯಾಮೆರಾಕ್ಕೆ ಅಷ್ಟೇ ತೊಂದರೆಯದು. ಕಿಟಕಿಯ ಬೆಳಕು ಸೀರೆಯ ಮೇಲೆ ಬಿದ್ದು ಪುಟಿದು ಗದ್ದದ ಕೆಳಗೆ, ಕುತ್ತಿಗೆಯ ಮಡಿಕೆಯಲ್ಲಿ ಹಸಿರು ಛಾಯೆ ಮೂಡಿಸುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ತೆಗೆಯಹೋದರೆ ಅರಿಸಿನ ಹಚ್ಚಿದ ಕೆನ್ನೆಯೂ ಬಣ್ಣ ಕಳೆದುಕೊಳ್ಳುತ್ತದೆ. ಬೆಳಕನ್ನು ಪುಟಿಸುವ ಹಲವು ಬಗೆಯ ರಿಫ್ಲೆಕ್ಟರ್ ಹಿಡಿದು ನೋಡಿದ ಮೇಲೆ ನಮಗೆ ಒದಗಿದ್ದು ಬಿಳಿ ಥರ್ಮಾಕೋಲ್ ಹಾಳೆ: ಅದನ್ನು ಎದೆಯ ಮಟ್ಟದಲ್ಲಿ, ಫ್ರೇಮಿನ ಅಂಚಿಗೆ ಸರಿಯಾಗಿ ಹಿಡಿದರೆ ಹಸಿರು ಮಾಯವಾಗುತ್ತದೆ. ಇನ್ನು ಹಸಿರು ಬಳೆ. 1991ರ ಆಗಸ್ಟ್‌ನಲ್ಲಿ ವ್ಯಾನಿಟಿ ಫೇರ್ ಪತ್ರಿಕೆಯ ಮುಖಪುಟಕ್ಕೆ ಆ್ಯನಿ ಲೀಬೊವಿಟ್ಜ್ ತೆಗೆದ, ಏಳು ತಿಂಗಳ ಬಸುರಿ ನಟಿ ಡೆಮಿ ಮೂರ್ ಅವರ ಚಿತ್ರ ಬಂದಂದಿನಿಂದ ಹೊಟ್ಟೆಗೆ ಕೈ ಆನಿಸಿ ನಿಲ್ಲುವ ಭಂಗಿಯನ್ನು ಜಗತ್ತೇ ಅನುಕರಿಸುತ್ತಿದೆ. ಆದರೆ ಮುಂಗೈ ತುಂಬ ಬಳೆ ತೊಟ್ಟ ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟರೆ ಬಳೆಗಳೇ ಕಾಣುತ್ತವೆ, ಹೊಟ್ಟೆಯ ದುಂಡು ಕಾಣುವುದಿಲ್ಲ. ಕ್ಯಾಮೆರಾಕ್ಕೆ ಹತ್ತಿರದ ಕೈ ಹೊಟ್ಟೆಯ ಕೆಳಗಿರಬೇಕು, ದೂರದ ಕೈ ಮೇಲಿರಬೇಕು.

ಹೊರಾಂಗಣಕ್ಕೆ ಬಂದರೆ ಪ್ರಶ್ನೆ ಊರಿಗೆ ತಕ್ಕಂತೆ ಬದಲಾಗುತ್ತದೆ. ಬೇಸಿಗೆಯಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ, ಶಹಾಬಾದ್ ಪರಸಿ (ಚಪ್ಪಡಿ ಕಲ್ಲು) ಹಾಸಿದ ಅಂಗಳದಲ್ಲಿ ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲುವುದು ಯಾರಿಗೂ ಸಾಧ್ಯವಿಲ್ಲ. ಆ ತಿಂಗಳುಗಳಲ್ಲಿ ಬೆಳಗಿನ ಏಳರೊಳಗೆ ಕೆಲಸ ಮುಗಿಯಬೇಕು. ಬೀದರಿನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾದಂಥ ಕಮಾನುಗಳು ನೆರಳುಚಿತ್ರಕ್ಕೆ ಹೇಳಿ ಮಾಡಿಸಿದಂತಿವೆ, ಆದರೆ ಸಂರಕ್ಷಿತ ಸ್ಮಾರಕದಲ್ಲಿ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಮೆಟ್ಟಿಲು ಎಷ್ಟಿವೆ, ಶೌಚಾಲಯ ಎಷ್ಟು ದೂರ ಎಂಬುದನ್ನೂ ಹಿಂದಿನ ದಿನವೇ ನಡೆದು ನೋಡಬೇಕು.

ನನಗೆ ಬಹಳ ಇಷ್ಟವಾದ ಜಾಗ ತೊಗರಿ ಹೊಲ. ದೀಪಾವಳಿಯ ಆಸುಪಾಸಿನಲ್ಲಿ ಹೊಲವೆಲ್ಲ ಹಳದಿ ಹೂವಾಗಿರುತ್ತದೆ. ಆದರೆ ತೊಗರಿ ಎದೆಮಟ್ಟ ಬೆಳೆದಿರುತ್ತದೆ, ಒಳಗೆ ಹೋಗಿ ನಿಂತರೆ ಮುಖವೊಂದೇ ಕಂಡು ಹೊಟ್ಟೆ ಗಿಡದಲ್ಲಿ ಮುಳುಗುತ್ತದೆ. ಬದುವಿನ ಮೇಲೆ, ಗಿಡಗಳು ಬೆನ್ನ ಹಿಂದೆ ಬರುವಂತೆ ನಿಲ್ಲಿಸಿ ಪಕ್ಕದಿಂದ ತೆಗೆಯುವುದೇ ಸರಿ. ಹೂವಿನ ಕಾಲವೇ ಕಾಯಿಕೊರಕಕ್ಕೆ ಔಷಧ ಹೊಡೆಯುವ ಕಾಲವೂ ಹೌದಾದ್ದರಿಂದ, ಕೊನೆಯ ಸಲ ಯಾವಾಗ ಸಿಂಪಡಿಸಿದರೆಂದು ಹೊಲದವರನ್ನು ಕೇಳದೆ ಬಸುರಿಯನ್ನು ಅತ್ತ ಕರೆದೊಯ್ಯುವುದೇ ಇಲ್ಲ. ಮಳೆ ಬಿದ್ದ ಮರುದಿನವೂ ಬೇಡ. ಎರೆಮಣ್ಣು ಚಪ್ಪಲಿಯನ್ನು ಹಿಡಿದುಕೊಂಡರೆ ಬಿಡುವುದಿಲ್ಲ. ಬಣ್ಣದ ಹೊಗೆ ಕಾರುವ ಡಬ್ಬಿಗಳನ್ನು ಯಾರೇ ಕೇಳಲಿ, ನಾನು ಬಳಸುವುದಿಲ್ಲ.

ಹಿರಿಯರ ಆಕ್ಷೇಪದಿಂದಲೂ ಒಂದು ಹೊಸ ದಾರಿ ಸಿಕ್ಕಿದೆ. ‘ಹೊಟ್ಟಿ ಕಾಣೋಹಂಗ ತೆಗಿಬ್ಯಾಡ ತಂಗಿ, ನೆದರ ಆಗ್ತದ’ ಎಂದು, ದೃಷ್ಟಿ ತಾಗುತ್ತದೆಂಬ ಭಯದಿಂದ, ಅತ್ತೆಯರು ಹೇಳಿದಾಗ ವಾದಕ್ಕೆ ನಿಲ್ಲುವ ಗಂಡಂದಿರಿದ್ದಾರೆ. ನಾನು ಬಸುರಿಯನ್ನು ಪಕ್ಕಕ್ಕೆ ತಿರುಗಿಸಿ, ಬಾಗಿಲಾಚೆಯ ಬೆಳಕಿಗೆ ಎಕ್ಸ್‌ಪೋಷರ್ (ಕ್ಯಾಮೆರಾದೊಳಗೆ ಬಿಡುವ ಬೆಳಕಿನ ಪ್ರಮಾಣ) ಹೊಂದಿಸಿ, ಮೈಯೆಲ್ಲ ಕಪ್ಪಾಗಿ ಹೊಟ್ಟೆಯ ಗೆರೆಯೊಂದೇ ಹೊಳೆಯುವ ಚಿತ್ರ ತೆಗೆದು ಅತ್ತೆಗೇ ಮೊದಲು ತೋರಿಸುತ್ತೇನೆ. ಪಡಸಾಲೆಯ ಗೋಡೆಗೆ ಹಾಕಲು ಅವರು ಆರಿಸುವುದು ಹೆಚ್ಚಾಗಿ ಅದನ್ನೇ.

ಈಗ ನಡೆದಿರುವ ಪ್ರಯತ್ನ ಬಿದ್ರಿ ತಟ್ಟೆಯದು. ಬಸುರಿಯ ಮಡಿಲಲ್ಲಿ ತಟ್ಟೆ ಇಟ್ಟು, ಅದರ ಬೆಳ್ಳಿಯ ಕುಸುರಿಯಿಂದ ಪುಟಿದ ಬೆಳಕು ಮುಖಕ್ಕೆ ಬೀಳಬೇಕೆಂಬುದು ಆಸೆ. ಕಪ್ಪು ಲೋಹ ಬೆಳಕನ್ನು ನುಂಗುತ್ತದೆ, ಬೆಳ್ಳಿಯ ಎಳೆಗಳು ಕೆನ್ನೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬೀಳುತ್ತವೆ. ಕಿಟಕಿಗೆ ಬಿಳಿ ಪರದೆ ಕಟ್ಟಿದರೆ ಚುಕ್ಕಿಗಳ ಜೊತೆ ಹೊಳಪೂ ಹೋಗುತ್ತದೆ. ಇದು ಸರಿಹೋಗುವವರೆಗೆ ಗ್ರಾಹಕರಿಗೆ ತೋರಿಸುವ ಆಲ್ಬಮ್ಮಿನಲ್ಲಿ ಬಿದ್ರಿ ತಟ್ಟೆಯ ಪುಟ ಇರುವುದಿಲ್ಲ.