ಮಿಥುನದ ಕೈ ಮುರಿದ ದಿನ

ಶಿರಸಿಯ ಮರ ಕೆತ್ತುವ ಗುಡಿಗಾರರ ಮನೆಯಲ್ಲಿ ಹುಟ್ಟಿದವನು ನಾನು. ಉಳಿ, ಕೊಡತಿ ಹಿಡಿದೇ ಬೆಳೆದವನು. ಗಣಪತಿ, ಬಳ್ಳಿ, ಆನೆ ಎಲ್ಲ ಕಣ್ಣು ಮುಚ್ಚಿ ಕೆತ್ತುತ್ತಿದ್ದೆ. ಆಗ ಹೋಂಸ್ಟೇ ಕಟ್ಟಿಸುತ್ತಿದ್ದವರೊಬ್ಬರು ಬಂದು ಮೊಬೈಲಿನಲ್ಲಿ ಖಜುರಾಹೊದ ಫೋಟೋ ತೋರಿಸಿದರು. ಬಾಗಿಲ ದಾರಂದಕ್ಕೆ, ಅಂದರೆ ಚೌಕಟ್ಟಿಗೆ, ಇಂಥದೇ ಬೇಕಂತೆ.

ದೊಡ್ಡಪ್ಪ ನಕ್ಕರು. "ಮಿಥುನ ಮಾಡುವ, ಮೈಥುನ ಬೇಡ" ಅಂದರು. ಮಿಥುನ ಅಂದರೆ ಜೋಡಿ, ಅಷ್ಟೇ. ಮೈಥುನ ಅಂದರೆ ಆ ಜೋಡಿಯ ಕೂಟ. ಖಜುರಾಹೊ ಅಂದ ಕೂಡಲೇ ಜನರಿಗೆ ಒಂದೇ ವಿಷಯ ನೆನಪಾಗುತ್ತದೆ. ಆದರೆ ಅಲ್ಲಿಯ ಶಿಲ್ಪಗಳಲ್ಲಿ ಅಂಥವು ಹತ್ತರಲ್ಲಿ ಒಂದು ಪಾಲೂ ಇಲ್ಲ. ಬಾಗಿಲಿಗೆ ಜೋಡಿ ಕೆತ್ತುವುದಂತೂ ಇನ್ನೂ ಹಳೆಯ ಪದ್ಧತಿ. 6ನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಬಾಗಿಲಿಗೆ ಏನೇನು ಕೆತ್ತಬೇಕು ಅನ್ನುವ ಪಟ್ಟಿಯೇ ಇದೆ: ಮಂಗಳಕರ ಹಕ್ಕಿ, ಸ್ವಸ್ತಿಕ, ತುಂಬಿದ ಕೊಡ, ಎಲೆಬಳ್ಳಿ, ಅವುಗಳ ಜೊತೆಗೇ ಮಿಥುನ. ಅದು ಗುಡಿಯ ಬಾಗಿಲಿಗೆ ಹೇಳಿದ್ದು, ಹೋಂಸ್ಟೇಗಲ್ಲ. ಇರಲಿ.

ನಾನು ಹೆಣ್ಣನ್ನು ಮೊದಲು ಕೆತ್ತಿದೆ. ಮುಖ, ಸೊಂಟ, ಸರ, ಎಲ್ಲ ಮುಗಿಸಿ ಗಂಡಿನ ಕಡೆ ತಿರುಗಿದರೆ ಅವನಿಗೆ ಮರವೇ ಉಳಿದಿರಲಿಲ್ಲ. ಪಾಪ, ಗೋಡೆಗೆ ಅಂಟಿಸಿದ ಕ್ಯಾಲೆಂಡರಿನ ಹಾಗೆ ಚಪ್ಪಟೆಯಾದ. ಅವಳ ಹೆಗಲ ಮೇಲಿನ ಅವನ ಕೈಯಾದರೂ ಚೆಂದ ಕಾಣಲಿ ಅಂತ ಅದರ ಅಡಿಯ ಮರ ತೆಗೆದು ಬೆಳಕು ಹಾಯುವಂತೆ ಮಾಡಿದೆ. ದಾರಂದದಲ್ಲಿ ಮರದ ನಾರು ಉದ್ದಕ್ಕೆ ಓಡುತ್ತದೆ, ಕೈ ಅಡ್ಡಕ್ಕಿತ್ತು. ಕೊಡತಿಯ ಒಂದು ಪೆಟ್ಟು ಜಾಸ್ತಿ ಬಿತ್ತು. ಟಕ್!

"ಎಂತಾ ಮಾಡಿಟ್ಟೆ ಮಾರಾಯ!" ಅಂದರು ದೊಡ್ಡಪ್ಪ. ಬೈಯಲಿಲ್ಲ. ಮಾರನೇ ವಾರ ಬಾದಾಮಿಗೆ ಕಳಿಸಿದರು. ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ ಹೋದೆ.

ಅಲ್ಲಿಯ ಮೂರನೇ ಗುಹೆ 578ರದ್ದು, ಚಾಲುಕ್ಯ ಮಂಗಳೇಶ ಮಾಡಿಸಿದ್ದು. ಕಂಬಗಳ ಮೇಲ್ತುದಿಯಲ್ಲಿ ಮರದ ನೆರಳಿಗೆ ನಿಂತ ಜೋಡಿಗಳಿವೆ. ಕತ್ತು ನೋಯುವವರೆಗೂ ನೋಡಿದೆ. ಅವನ ಕೈ ಎಲ್ಲೂ ಗಾಳಿಯಲ್ಲಿ ತೇಲುವುದಿಲ್ಲ. ಅವಳ ಮೈಗೆ ಅಂಟಿಕೊಂಡೇ ಇರುತ್ತದೆ. ಅವಳು ಅವನ ಕಡೆ ವಾಲಿದರೆ ಅವನ ಸೊಂಟವೂ ಅದಕ್ಕೆ ತಕ್ಕಂತೆ ಬಾಗಿದೆ. ಇಬ್ಬರನ್ನು ಬೇರೆ ಬೇರೆ ಮಾಡಿ ಆಮೇಲೆ ಸೇರಿಸಿದ್ದಲ್ಲ, ಒಂದೇ ಕಲ್ಲಿನ ಉಬ್ಬಿನಿಂದ ಇಬ್ಬರೂ ಒಟ್ಟಿಗೇ ಹೊರಗೆ ಬಂದಿದ್ದಾರೆ ಅನ್ನಿಸಿತು. ಅಲ್ಲಿಂದ ಐಹೊಳೆ ದುರ್ಗದ ಗುಡಿಗೂ ಹೋದೆ. ಅಲ್ಲಿಯ ಕಂಬದ ಜೋಡಿಗಳಲ್ಲೂ ಅದೇ ಕಂಡೆ.

ಎರಡನೇ ಸಲ ಇಬ್ಬರನ್ನೂ ಒಂದೇ ಗುಡ್ಡೆಯಾಗಿ ಬಿಟ್ಟೆ. ಮೊದಲು ಎರಡು ತಲೆ ಯಾವ ಕಡೆ ವಾಲಬೇಕು ಅಂತ ಗುರುತು ಹಾಕಿದೆ. ಆಮೇಲೆ ಸೊಂಟ. ನಡುವಿನ ಸಂದಿಗೆ ಉಳಿ ಇಟ್ಟದ್ದು ಕಟ್ಟಕಡೆಗೆ. ಆಭರಣ ಕಡಿಮೆ ಮಾಡಿದೆ, ಯಾರೂ ಕೇಳಲಿಲ್ಲ.

ಹಾಳಾದ ಮರದ ದುಡ್ಡು ನನ್ನ ಲೆಕ್ಕಕ್ಕೇ ಬಿತ್ತು, ಅದು ನ್ಯಾಯವೇ. ಬಾಗಿಲು ಕೂರಿಸಿದ ದಿನ ಮನೆಯ ಅಜ್ಜಿ ಬಂದು ನೋಡಿ, "ಇವರಿಬ್ಬರೂ ಎಂತದೋ ಗುಟ್ಟು ಮಾತಾಡ್ತಾ ಇದ್ದಾರಲ್ಲಾ" ಅಂದರು. ಈಗ ಹಬ್ಬಕ್ಕೆ ಅವರು ಚೆಂಡು ಹೂವಿನ ಮಾಲೆ ಎರಡೂ ಬದಿಗೆ ಇಳಿಬಿಡುತ್ತಾರೆ, ಜೋಡಿಯ ಮುಖ ಪೂರ್ತಿ ಮುಚ್ಚಿಹೋಗುತ್ತದೆ. ಒಂದು ಗೇಣು ಕೆಳಗೆ ಕೆತ್ತಬೇಕಿತ್ತು.