ಕೆರೆಯ ಹೂಳು
ನಮ್ಮೂರಿನ ಕೆರೆ ಬತ್ತಿದೆ. ಹೂಳು ತುಂಬಿದ ಟ್ರ್ಯಾಕ್ಟರ್‌ಗಳು ಬೆಳಗಿನಿಂದ ಹೊಲಗಳತ್ತ ಸಾಗುತ್ತಿವೆ. ಒಂದು ಹಿಡಿ ಎತ್ತಿಕೊಂಡೆ: ಕಪ್ಪಗೆ, ಬೆಣ್ಣೆಯಷ್ಟು ನುಣುಪು, ಬೆರಳ ಸಂದಿಯಲ್ಲಿ ಪುಟ್ಟ ಬಸವನಹುಳುವಿನ ಚಿಪ್ಪು. ಅಜ್ಜ ಇದನ್ನೇ ಗೊಬ್ಬರವೆಂದು ಗದ್ದೆಗೆ ಹೊಡೆಸುತ್ತಿದ್ದರು.

ನನಗೆ ಮಾತ್ರ ಕೈ ಹಿಂಜರಿಯಿತು. ಮೇಲಿನ ಟೊಮೆಟೊ ತೋಟಗಳಿಗೆ ಸಿಂಪಡಿಸುವ ಸೈಪರ್‌ಮೆಥ್ರಿನ್‌ನಂಥ ಕೀಟನಾಶಕ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಜೇಡಿಕಣಕ್ಕೆ ಅಂಟಿ, ಮಳೆಯೊಂದಿಗೆ ಇಳಿದು ತಳ ಸೇರುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ತಡೆದ ಎಂಡೋಸಲ್ಫಾನ್ ಕೂಡ ಹೀಗೆಯೇ ಮಣ್ಣನ್ನು ಹಿಡಿದು ಕೂರುವಂಥದ್ದು. ಮೇಲೆ ನೀರು ತಿಳಿಯಾಗಿಯೇ ಕಾಣುತ್ತದೆ, ಕೆಸರಿನ ಹುಳುಗಳಿಗೆ ಮಾತ್ರ ಉಳಿಗಾಲವಿಲ್ಲ. ಆ ಹುಳುಗಳನ್ನು ನಂಬಿದ ಮೀನುಗಳು ಏನು ತಿನ್ನಬೇಕು?

ನೀರನ್ನಾದರೂ ಆಗಾಗ ಪರೀಕ್ಷೆಗೆ ಕಳಿಸುತ್ತಾರೆ. ಹೂಳನ್ನು ಕೇಳುವವರಿಲ್ಲ. ಒಂದು ಡಬ್ಬಿ ತುಂಬಿಕೊಂಡು ಬಂದಿದ್ದೇನೆ, ನಾಳೆ ಪ್ರಯೋಗಾಲಯಕ್ಕೆ ಒಯ್ಯುತ್ತೇನೆ.