ಆಪ್ಟ್‌ನಲ್ಲಿ ಬರುವ ಕಂಪೈಲರ್ ಯಾಕೆ ಹಳೆಯದು?

"ಸರ್, ಆಪ್ಟ್‌ನ್ಯಾಗ ಹಾಕಿದ್ರ ರಸ್ಟ್ ಹಳೇದು ಬರ್ತೈತಿ. ವೆಬ್‌ಸೈಟ್‌ನ್ಯಾಗ ನೋಡಿದ್ರ ಹೊಸಾದು ಐತಿ. ಯಾವ್ದು ಹಾಕ್ಕೋಬೇಕ್ರಿ?"

ಹುಬ್ಬಳ್ಳಿ, ಧಾರವಾಡದ ಕಾಲೇಜು ಹುಡುಗರು ನನಗೆ ಯಾವಾಗಲೂ ಕೇಳುವ ಪ್ರಶ್ನೆ ಇದು. ಗದಗ, ಹಾವೇರಿಯಿಂದ ಫೋನ್ ಮಾಡುವವರದೂ ಇದೇ. ಪ್ರೋಗ್ರಾಮಿಂಗ್ ಭಾಷೆಯ ಹೆಸರು ಬೇರೆ ಇರಬಹುದು, ಒಬ್ಬರಿಗೆ ರಸ್ಟ್, ಒಬ್ಬರಿಗೆ ಗೋ, ಇನ್ನೊಬ್ಬರಿಗೆ ಹ್ಯಾಸ್ಕೆಲ್. ನಾವು ಬರೆದ ಕೋಡನ್ನು ಮಷೀನ್ ಓಡಿಸುವ ಫೈಲಾಗಿ ಮಾಡುವುದು ಆ ಭಾಷೆಯ ಕಂಪೈಲರ್. ಆಪ್ಟ್ ಅಂದರೆ ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳಲ್ಲಿ ಪ್ರೋಗ್ರಾಂಗಳನ್ನು ಪ್ಯಾಕೇಜ್‌ಗಳಾಗಿ ತಂದು ಹಾಕುವ ಟೂಲ್. ಪ್ರಶ್ನೆಯ ಬೆನ್ನಿಗೆ ಒಂದು ದೂರೂ ಬರುತ್ತದೆ: "ಡೆಬಿಯನ್‌ನವ್ರು ಅಪ್‌ಡೇಟ ಮಾಡಂಗಿಲ್ರಿ." ನಾನು ಮೊದಲು ಈ ದೂರಿಗೇ ಉತ್ತರ ಕೊಡುತ್ತೇನೆ. ಅದು ಅರ್ಥವಾದರೆ ಪ್ರಶ್ನೆಯ ಉತ್ತರ ಅರ್ಧ ಸಿಕ್ಕ ಹಾಗೆ.

ಡೆಬಿಯನ್ 12 ಬಂದಿದ್ದು 2023ರ ಜೂನ್‌ನಲ್ಲಿ. ಅದರಲ್ಲಿದ್ದ ರಸ್ಟ್ 1.63, ಅಂದರೆ 2022ರ ಆಗಸ್ಟ್‌ನದು. 2025ರ ಆಗಸ್ಟ್‌ನಲ್ಲಿ ಡೆಬಿಯನ್ 13 ಬಂದಾಗ ಅದು 1.85 ಆಯಿತು. ರಸ್ಟ್ ತಂಡ ಆರು ವಾರಕ್ಕೊಂದು ವರ್ಷನ್ ಬಿಡುತ್ತದೆ. ಡೆಬಿಯನ್ ಸುಮಾರು ಎರಡು ವರ್ಷಕ್ಕೊಂದು. ನಡುವೆ ಬರುವುದು ಭದ್ರತೆಯ ತೇಪೆಗಳು ಮತ್ತು ದೊಡ್ಡ ದೋಷಗಳ ತಿದ್ದುಪಡಿ, ಅಷ್ಟೇ. ಇಂದು ಓಡುವ ಪ್ರೋಗ್ರಾಂ ನಾಳೆ ಅಪ್‌ಡೇಟ್ ಮಾಡಿದ ಮೇಲೂ ಹಾಗೇ ಓಡಬೇಕು ಅನ್ನುವುದು ಡೆಬಿಯನ್ ಕೊಟ್ಟ ಮಾತು. ಸರ್ವರ್ ನಡೆಸುವವರು ಆ ಮಾತನ್ನು ನಂಬಿಯೇ ಅದನ್ನು ಹಾಕಿಕೊಂಡಿರುತ್ತಾರೆ.

ಕಂಪೈಲರ್ ವಿಷಯದಲ್ಲಿ ಈ ಮಾತು ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಡೆಬಿಯನ್‌ನಲ್ಲಿರುವ ಪ್ರತಿ ಪ್ಯಾಕೇಜೂ ಡೆಬಿಯನ್‌ನಲ್ಲೇ ಇರುವ ಟೂಲ್‌ಗಳಿಂದ, ಮೂಲ ಕೋಡ್‌ನಿಂದಲೇ ಕಟ್ಟಲು ಬರಬೇಕು. ಕಟ್ಟುವಾಗ ಇಂಟರ್ನೆಟ್‌ನಿಂದ ಏನನ್ನೂ ಎಳೆದುಕೊಳ್ಳುವ ಹಾಗಿಲ್ಲ. ರಸ್ಟ್ ಪ್ರಾಜೆಕ್ಟ್ ಕಟ್ಟುವ ಟೂಲ್ ಕಾರ್ಗೋ. ನಾವು ಅದರ ಫೈಲಿನಲ್ಲಿ ಒಂದು ಸಾಲು ಬರೆದರೆ ಬೇಕಾದ ಲೈಬ್ರರಿಗಳೆಲ್ಲ, ಅಂದರೆ ಬೇರೆಯವರು ಬರೆದಿಟ್ಟ ಕೋಡ್, ತಾವಾಗಿ ಇಳಿಯುತ್ತವೆ. ಡೆಬಿಯನ್‌ನವರು ಆ ಲೈಬ್ರರಿಗಳನ್ನು ಒಂದೊಂದಾಗಿ ಪ್ಯಾಕೇಜ್ ಮಾಡಬೇಕು, ಪ್ರತಿಯೊಂದರ ಲೈಸೆನ್ಸ್ ನೋಡಬೇಕು. ಕಂಪೈಲರ್ ಬದಲಿಸಿದರೆ ಅದರ ಮೇಲೆ ನಿಂತ ಪ್ಯಾಕೇಜ್‌ಗಳನ್ನೆಲ್ಲ ಮತ್ತೆ ಪರೀಕ್ಷೆ ಮಾಡಬೇಕು. ಫೈರ್‌ಫಾಕ್ಸ್‌ನದು ವಿಶೇಷ ಕಥೆ. ಬ್ರೌಸರ್ ಹಳೆಯದಾದರೆ ಅಪಾಯ, ಆದರೆ ಹೊಸ ಫೈರ್‌ಫಾಕ್ಸ್ ಕಟ್ಟಲು ಹೊಸ ರಸ್ಟ್ ಬೇಕು. ಅದಕ್ಕಾಗಿ ಹಳೆಯ ಡೆಬಿಯನ್‌ಗೂ ಪ್ರತ್ಯೇಕ ಹೆಸರಿನಲ್ಲಿ ಇನ್ನೊಂದು ಹೊಸ ರಸ್ಟ್ ಪ್ಯಾಕೇಜ್ ಸೇರಿಸುತ್ತಾರೆ. ಮೊದಲಿನದನ್ನು ಮುಟ್ಟುವುದಿಲ್ಲ. ಇಷ್ಟು ಕಾಳಜಿ ಇರುವವರನ್ನು ಸೋಮಾರಿಗಳು ಅನ್ನಬಹುದಾ?

ಇದರಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಒಂದಿದೆ. ರಸ್ಟ್ ಕಂಪೈಲರ್ ಬರೆದಿರುವುದು ರಸ್ಟ್‌ನಲ್ಲೇ. ಹಾಗಾದರೆ ಅದನ್ನು ಕಂಪೈಲ್ ಮಾಡುವುದು ಯಾವುದು? ಹಿಂದಿನ ರಸ್ಟ್. ಮೊಸರು ಮಾಡಲು ಹೆಪ್ಪಿಗೆ ನಿನ್ನೆಯ ಮೊಸರು ಬೇಕಲ್ವಾ, ಹಾಗೆ. ಪ್ರತಿ ವರ್ಷನ್ ಕಟ್ಟಲು ಅದರ ಹಿಂದಿನ ವರ್ಷನ್ ಬೇಕು. ಹಿಂದೆ ಹಿಂದೆ ಹೋದರೆ ಮೊದಲ ರಸ್ಟ್ ಕಂಪೈಲರ್ ಸಿಗುತ್ತದೆ. ಅದನ್ನು ಬರೆದಿದ್ದು ಓಕ್ಯಾಮಲ್ ಭಾಷೆಯಲ್ಲಿ. ಗೋ ಕಂಪೈಲರ್ 1.4ರವರೆಗೆ ಸಿ ಭಾಷೆಯಲ್ಲಿತ್ತು. 2015ರ ಆಗಸ್ಟ್‌ನಲ್ಲಿ ಬಂದ 1.5ರಿಂದ ಗೋದಲ್ಲೇ ಇದೆ. ಈಗಿನ ಗೋ ಕಟ್ಟಲು ತೀರಾ ಹಳೆಯದು ಸಾಲದು. 1.20 ಕಟ್ಟಲು ಕನಿಷ್ಠ 1.17 ಬೇಕಿತ್ತು.

ಪ್ಯಾಕೇಜ್ ಮಾಡುವವರಿಗೆ ಇದು ದೊಡ್ಡ ತಲೆನೋವು. ಹೊಸ ಪ್ರೊಸೆಸರ್ ಬಂದರೆ ಅದರ ಮೇಲೆ ಓಡುವ ಮೊದಲ ಕಂಪೈಲರ್ ಎಲ್ಲಿಂದ ತರುವುದು? ಬೇರೆ ಮಷೀನ್‌ನಲ್ಲಿ ಕಟ್ಟಿ ತರಬೇಕು. ಬೇರೆಯವರು ಕಟ್ಟಿದ ಫೈಲನ್ನು ತಂದರೆ ಅದನ್ನು ನಂಬುವುದು ಹೇಗೆ? ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ತಮ್ಮ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಇದನ್ನೇ ಹೇಳಿದರು. ಅದು 1984ರಲ್ಲಿ ಅಚ್ಚಾಯಿತು. ಕಂಪೈಲರ್‌ನೊಳಗೆ ಕಳ್ಳದಾರಿ ಇಟ್ಟರೆ, ಮೂಲ ಕೋಡ್‌ನಲ್ಲಿ ಅದರ ಸುಳಿವೇ ಇಲ್ಲದಿದ್ದರೂ ಅದು ಪೀಳಿಗೆಯಿಂದ ಪೀಳಿಗೆಗೆ ಸಾಗಬಲ್ಲದು ಎಂದು ತೋರಿಸಿದರು. ಅದಕ್ಕೇ ಗೀಕ್ಸ್ ಎಂಬ ಲಿನಕ್ಸ್‌ನವರು ಸಿ++ನಲ್ಲಿ ಬರೆದ ಎಂರಸ್ಟ್‌ಸಿ ಎಂಬ ಇನ್ನೊಂದು ಕಂಪೈಲರ್‌ನಿಂದ ಹಳೆಯ ರಸ್ಟ್ ಕಟ್ಟಿ, ಅಲ್ಲಿಂದ ಒಂದೊಂದೇ ವರ್ಷನ್ ಮೇಲಕ್ಕೆ ಹತ್ತಿ ಬರುತ್ತಾರೆ. ಗೋ ತಂಡ 1.21ರಿಂದ ತನ್ನ ಟೂಲ್‌ಗಳನ್ನು ಬೇರೆ ಯಾರು ಕಟ್ಟಿದರೂ ಬೈಟ್ ಬೈಟ್ ಒಂದೇ ಬರುವಂತೆ ಮಾಡಿದೆ. ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್‌ಗಳಲ್ಲಿ ಈ ಕೆಲಸ ಯಾರೂ ಎತ್ತಿಕೊಳ್ಳುವುದಿಲ್ಲ. ಅದೇ ಹಾಜರಿ ಹಾಕುವ ಆ್ಯಪ್ ಮತ್ತೆ ಮತ್ತೆ ಬರುತ್ತದೆ. ಒಂದು ಸಣ್ಣ ಲೈಬ್ರರಿಯನ್ನಾದರೂ ಡೆಬಿಯನ್ ಪ್ಯಾಕೇಜ್ ಮಾಡಿ ನೋಡಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಈಗ ರಸ್ಟಪ್ ಕಡೆ ಬರೋಣ. ಇದು ರಸ್ಟ್ ತಂಡದ್ದೇ ಇನ್‌ಸ್ಟಾಲರ್. ಎಲ್ಲವನ್ನೂ ನಿಮ್ಮ ಹೋಮ್ ಫೋಲ್ಡರ್‌ನಲ್ಲೇ ಇಡುತ್ತದೆ, ಸುಡೊ (ಅಡ್ಮಿನ್ ಅಧಿಕಾರ) ಬೇಡ. ಹಲವು ವರ್ಷನ್‌ಗಳು ಅಕ್ಕಪಕ್ಕ ಇರಬಹುದು. ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಒಂದು ಸಣ್ಣ ಫೈಲ್ ಇಟ್ಟು ಇಂಥದ್ದೇ ವರ್ಷನ್ ಬೇಕು ಎಂದು ಬರೆದರೆ, ತಂಡದ ಎಲ್ಲರಿಗೂ ಅದೇ ಸಿಗುತ್ತದೆ. ಆದರೆ ಆಪ್ಟ್ ಅಪ್‌ಗ್ರೇಡ್ ಮಾಡಿದರೆ ಇದು ಅಪ್‌ಡೇಟ್ ಆಗುವುದಿಲ್ಲ. ಅದು ನಿಮ್ಮದೇ ಜವಾಬ್ದಾರಿ.

ರಸ್ಟಪ್ ಹಾಕಿ ಮೊದಲ ಪ್ರೋಗ್ರಾಂ ಓಡಿಸಿದ ಕೂಡಲೇ "ಲಿಂಕರ್ ಸಿಸಿ ಸಿಗಲಿಲ್ಲ" ಎಂಬ ಎರರ್ ಬಂತು ಎಂದು ಬಹಳ ಜನ ಕೇಳುತ್ತಾರೆ. ಲಿನಕ್ಸ್‌ನಲ್ಲಿ ರಸ್ಟ್ ಕೊನೆಯ ಹಂತಕ್ಕೆ ಸಿ ಕಂಪೈಲರ್‌ನನ್ನು ಕರೆಯುತ್ತದೆ. ತುಂಡುಗಳನ್ನು ಜೋಡಿಸಿ ಓಡುವ ಫೈಲ್ ಮಾಡುವುದು ಅದರ ಕೆಲಸ. ಅದು ರಸ್ಟಪ್ ಜೊತೆ ಬರುವುದಿಲ್ಲ. ಆಪ್ಟ್‌ನಿಂದ ಬಿಲ್ಡ್-ಎಸೆನ್ಷಿಯಲ್ ಹಾಕಿ, ಜಿಸಿಸಿ ಎಂಬ ಸಿ ಕಂಪೈಲರ್, ಮೇಕ್, ಸಿ ಲೈಬ್ರರಿಯ ಹೆಡರ್‌ಗಳು ಎಲ್ಲ ಬರುತ್ತವೆ. ಅಂದರೆ ವೆಬ್‌ಸೈಟ್‌ನಿಂದ ಹಾಕಿದರೂ ಕಾಲ ಕೆಳಗೆ ಆಪ್ಟ್ ಬೇಕೇ ಬೇಕು.

ಇನ್ನೊಂದು ತೊಂದರೆ ನಮ್ಮ ಲ್ಯಾಬ್‌ಗಳಲ್ಲಿ ಜಾಸ್ತಿ. ರೂಮಿನಲ್ಲಿ ಹೊಸ ಉಬುಂಟು ಲ್ಯಾಪ್‌ಟಾಪ್‌ನಲ್ಲಿ ಕಟ್ಟಿದ ಪ್ರೋಗ್ರಾಂ ಪೆನ್‌ಡ್ರೈವ್‌ನಲ್ಲಿ ಲ್ಯಾಬ್‌ಗೆ ಹೋಗುತ್ತದೆ. ಅಲ್ಲಿ "ಜಿಲಿಬ್‌ಸಿ 2.34 ಸಿಗಲಿಲ್ಲ" ಎಂದು ನಿಲ್ಲುತ್ತದೆ. ಜಿಲಿಬ್‌ಸಿ ಅಂದರೆ ಲಿನಕ್ಸ್‌ನ ಸಿ ಲೈಬ್ರರಿ. ಹೊಸ ಸಿ ಲೈಬ್ರರಿಯ ಮೇಲೆ ಕಟ್ಟಿದ್ದು ಹಳೆಯದರ ಮೇಲೆ ಓಡುವ ಖಾತ್ರಿ ಇಲ್ಲ. ಹಳೆಯದರ ಮೇಲೆ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ. ರಸ್ಟ್ ತಂಡ 1.64ರಿಂದ ಜಿಲಿಬ್‌ಸಿ 2.17ನ್ನೇ ಕನಿಷ್ಠ ಮಟ್ಟ ಎಂದು ಇಟ್ಟುಕೊಂಡಿರುವುದು ಇದಕ್ಕೇ. ನೀವೂ ಹಾಗೇ ಮಾಡಿ. ಲ್ಯಾಬ್ ಮಷೀನ್‌ನಲ್ಲೇ ಕಟ್ಟಿ.

ಹಾಗಾದರೆ ಯಾವುದು ಹಾಕಿಕೊಳ್ಳಬೇಕು? ಲ್ಯಾಬ್‌ನಲ್ಲಿ ಎಲ್ಲರಿಗೂ ಒಂದೇ ವರ್ಷನ್ ಇರಬೇಕು, ವರ್ಷಪೂರ್ತಿ ಬದಲಾಗಬಾರದು ಅಂದರೆ ಆಪ್ಟ್. ಭಾಷೆ ಕಲಿಯಲು ಶುರು ಮಾಡುವವರಿಗೂ ಅದು ಸಾಕು. ದಿನಾ ರಸ್ಟ್ ಬರೆಯುತ್ತೀರಿ, ಹೊಸ ಲೈಬ್ರರಿಗಳು ಹೊಸ ಕಂಪೈಲರ್ ಕೇಳುತ್ತಿವೆ ಅಂದರೆ ರಸ್ಟಪ್. ಡೆಬಿಯನ್ 13 ಮತ್ತು ಉಬುಂಟು 24.04ರಲ್ಲಿ ರಸ್ಟಪ್ ಕೂಡ ಆಪ್ಟ್‌ನಲ್ಲೇ ಸಿಗುತ್ತದೆ. ನನಗೆ ಇಷ್ಟವಾದ ದಾರಿ ಅದು. ಸುಮ್ನೆ ಎರಡನ್ನೂ ಒಟ್ಟಿಗೆ ಹಾಕಬೇಡಿ. ಹಾಕಿದ್ದರೆ ವಿಚ್ ಕಮಾಂಡ್ ಕೊಟ್ಟು ಯಾವ ಕಂಪೈಲರ್ ಓಡುತ್ತಿದೆ ಎಂದು ನೋಡಿಕೊಳ್ಳಿ. ನೆಟ್‌ನಲ್ಲಿ ಸಿಕ್ಕ ಸ್ಕ್ರಿಪ್ಟ್‌ಗೆ ಸುಡೊ ಕೊಡಬೇಡಿ.

ನೆಟ್ ಸರಿ ಇಲ್ಲದ ಲ್ಯಾಬ್‌ನವರಿಗೆ ಒಂದಿಷ್ಟು. ಒಂದು ಮಷೀನ್‌ನಲ್ಲಿ ಆಪ್ಟ್-ಕ್ಯಾಶರ್-ಎನ್‌ಜಿ ಹಾಕಿ, ಉಳಿದವನ್ನು ಅದರ ಕಡೆ ತಿರುಗಿಸಿ. ಒಮ್ಮೆ ಇಳಿದ ಪ್ಯಾಕೇಜ್ ಆಮೇಲೆ ಅಲ್ಲಿಂದಲೇ ಎಲ್ಲರಿಗೂ ಸಿಗುತ್ತದೆ. ರಸ್ಟಪ್‌ನಲ್ಲಿ ಮಿನಿಮಲ್ ಪ್ರೊಫೈಲ್ ಆರಿಸಿದರೆ ಕೈಪಿಡಿಗಳು ಇಳಿಯುವುದಿಲ್ಲ, ಡೇಟಾ ಉಳಿಯುತ್ತದೆ. ನೆಟ್ ಇಲ್ಲವೇ ಇಲ್ಲ ಅಂದರೆ ರಸ್ಟ್ ತಂಡದ ಆಫ್‌ಲೈನ್ ಇನ್‌ಸ್ಟಾಲರ್ ಇದೆ. ಪೆನ್‌ಡ್ರೈವ್‌ನಲ್ಲಿ ತಂದು, ಬಿಚ್ಚಿ, ಒಳಗಿರುವ ಇನ್‌ಸ್ಟಾಲ್ ಸ್ಕ್ರಿಪ್ಟ್ ಓಡಿಸಬೇಕು. ಪ್ರಾಜೆಕ್ಟ್‌ನ ಲೈಬ್ರರಿಗಳಿಗೆ ಕಾರ್ಗೋ ವೆಂಡರ್ ಕಮಾಂಡ್ ಇದೆ. ನೆಟ್ ಇರುವಲ್ಲಿ ಒಮ್ಮೆ ಓಡಿಸಿದರೆ ಎಲ್ಲ ಒಂದೇ ಫೋಲ್ಡರ್‌ಗೆ ಬಂದು ಕೂರುತ್ತವೆ. ಕೊನೆಗೆ ಅದು ತೋರಿಸುವ ಸಾಲುಗಳನ್ನು ಕಾರ್ಗೋದ ಕಾನ್ಫಿಗ್ ಫೈಲಿಗೆ ಸೇರಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಕಾರ್ಗೋ ಮತ್ತೆ ನೆಟ್ ಹುಡುಕಿಕೊಂಡೇ ಹೋಗುತ್ತದೆ.